2.6 ಗಿಗಾಹರ್ಟ್ಜ್ ಕೊಟ್ಟರೆ 1.3ರಲ್ಲಿ ಗೆರೆ: ಇದು ಪೀರಿಯಡ್ ಡಬ್ಲಿಂಗ್ ಹೌದೋ ಅಲ್ಲವೋ?

ಪ್ರಶ್ನೆ (ಹಾಸನ): ಲೇಸರ್‌ನ ಕರೆಂಟ್ ಏರಿಳಿಸಿ ಕೇಯಾಸ್ (ನಿಯಮವಿದ್ದೂ ಊಹಿಸಲಾಗದ ಏರಿಳಿತ) ತರಲು ನೋಡುತ್ತಿದ್ದೇನೆ. ಅದರ ಮುಂಚಿನ ಮೆಟ್ಟಿಲು ಪೀರಿಯಡ್ ಡಬ್ಲಿಂಗ್, ಅಂದರೆ ಕೊಟ್ಟ ಆವರ್ತನದ ಅರ್ಧದಲ್ಲಿ ಗೆರೆ ಮೂಡುವುದು. 1550 ನ್ಯಾನೋಮೀಟರ್ ಡಿಎಫ್‌ಬಿ ಲೇಸರ್ (ಒಂದೇ ತರಂಗಾಂತರದ ಡಯೋಡ್ ಲೇಸರ್), ಒಳಗೆ ಐಸೊಲೇಟರ್ (ವಾಪಸ್ ಬರುವ ಬೆಳಕು ತಡೆಯುವ ಸಾಧನ) ಇಲ್ಲ. ಥ್ರೆಶೋಲ್ಡ್ (ಲೇಸರ್ ಶುರುವಾಗುವ ಕರೆಂಟ್) 10 ಮಿಲಿಆಂಪ್, ಬಯಾಸ್ (ಕೊಡುವ ಸ್ಥಿರ ಕರೆಂಟ್) 20. ಬಯಾಸ್-ಟೀ (ಸ್ಥಿರ ಕರೆಂಟ್‌ಗೆ ಆರ್‌ಎಫ್ ಸಿಗ್ನಲ್ ಸೇರಿಸುವ ಭಾಗ) ಮೂಲಕ 2.6 ಗಿಗಾಹರ್ಟ್ಜ್, +10 ಡಿಬಿಎಂ (10 ಮಿಲಿವ್ಯಾಟ್). ಲೇಸರ್‌ನಿಂದ ಫೋಟೋಡಯೋಡ್‌ಗೆ ಒಟ್ಟು 2 ಮೀಟರ್ ಫೈಬರ್. ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದರೆ 1.3ರಲ್ಲಿ ಸಣ್ಣ ಗೆರೆಯಿದೆ. ಪವರ್ ಬದಲಿಸಿದರೂ ಮುಖ್ಯ ಗೆರೆಗೆ ಹೋಲಿಸಿದರೆ ಅದರ ಮಟ್ಟ ಅಷ್ಟೇ. ಅಕ್ಕಪಕ್ಕ ಸುಮಾರು 50 ಮೆಗಾಹರ್ಟ್ಜ್ ಅಂತರದಲ್ಲಿ ಉಬ್ಬುಗಳು. ಕೇಯಾಸ್ ಮಾತ್ರ ಬರುತ್ತಿಲ್ಲ.

ಉತ್ತರ (ಚಿಕ್ಕಮಗಳೂರು): ನಿಜವಾದ ಪೀರಿಯಡ್ ಡಬ್ಲಿಂಗ್ ಒಂದು ಹಂತದವರೆಗೆ ಇರುವುದೇ ಇಲ್ಲ, ಆಮೇಲೆ ದಿಢೀರನೆ ಏಳುತ್ತದೆ. ನಿಮ್ಮದು ಹಾಗಿಲ್ಲ, ಜನರೇಟರ್ ಮೇಲೆ ಅನುಮಾನ. ಒಳಗೆ ಫ್ರೀಕ್ವೆನ್ಸಿ ಡಬ್ಲರ್ ಇರುವ ಜನರೇಟರ್‌ಗಳು ಅರ್ಧ ಆವರ್ತನವನ್ನೂ ಸ್ವಲ್ಪ ಸೋರಿಸುತ್ತವೆ. ಲೇಸರ್ ಬಿಟ್ಟು, 20 ಡಿಬಿ ಅಟೆನ್ಯುಯೇಟರ್ ಹಾಕಿ ನೇರ ಸ್ಪೆಕ್ಟ್ರಮ್ ಅನಲೈಸರ್‌ಗೆ ಕೊಡಿ. ಅಲ್ಲೂ 1.3 ಕಂಡರೆ ಬಯಾಸ್-ಟೀಗೆ ಮುಂಚೆ 2 ಗಿಗಾಹರ್ಟ್ಜ್ ಹೈಪಾಸ್ ಫಿಲ್ಟರ್ ಹಾಕಿ.

50 ಮೆಗಾಹರ್ಟ್ಜ್ ಉಬ್ಬುಗಳು ಪ್ರತಿಫಲನದವು. 2 ಮೀಟರ್ ಫೈಬರ್‌ನಲ್ಲಿ ಬೆಳಕು ಹೋಗಿ ವಾಪಸ್ ಬರುವ ಲೆಕ್ಕ ಹಾಕಿ, 51 ಮೆಗಾಹರ್ಟ್ಜ್ ಬರುತ್ತದೆ. ಪ್ಯಾಚ್ ಕಾರ್ಡ್ ಉದ್ದ ಬದಲಿಸಿ, ಅಂತರವೂ ಬದಲಾದರೆ ಖಾತ್ರಿ. ಇದನ್ನು ನಿಲ್ಲಿಸದೆ ಕೇಯಾಸ್ ಕಂಡರೂ ಅದು ಮಾಡ್ಯುಲೇಶನ್‌ನದೋ ಫೀಡ್‌ಬ್ಯಾಕ್‌ನದೋ ಹೇಳಲಾಗದು. ಲೇಸರ್ ಹತ್ತಿರವೇ 30 ಡಿಬಿ ಐಸೊಲೇಟರ್, ಎಲ್ಲ ಕಡೆ ಎಪಿಸಿ (ತುದಿ ಓರೆಯಿರುವ, ಪ್ರತಿಫಲನ ಕಡಿಮೆಯ) ಕನೆಕ್ಟರ್ ಹಾಕಿ. ಪಿಸಿ (ಓರೆಯಿಲ್ಲದ) ತುದಿಗೆ ಎಪಿಸಿ ತುದಿ ಜೋಡಿಸಲೇಬೇಡಿ.

ಪ್ರಶ್ನೆ (ಹಾಸನ): ಎರಡೂ ಹೋದವು ಸರ್, ಧನ್ಯವಾದ. ಈಗ 1.3ರಲ್ಲಿ ಏನೂ ಇಲ್ಲ. ಆರ್‌ಎಫ್ ಆಫ್ ಮಾಡಿದಾಗ ನಾಯ್ಸ್ ಉಬ್ಬು 3 ಗಿಗಾಹರ್ಟ್ಜ್‌ನಲ್ಲಿದೆ.

ಉತ್ತರ (ಚಿಕ್ಕಮಗಳೂರು): ಹಾಗಾದರೆ ಬಯಾಸ್ ಜಾಸ್ತಿಯಾಯಿತು. ಆ ಉಬ್ಬೇ ರಿಲ್ಯಾಕ್ಸೇಶನ್ ಆವರ್ತನ, ಅಂದರೆ ಲೇಸರ್ ತಾನಾಗಿ ತೂಗುವ ಆವರ್ತನ. ಥ್ರೆಶೋಲ್ಡ್ ಮೇಲಿನ ಕರೆಂಟ್‌ನ ವರ್ಗಮೂಲದಂತೆ ಏರುತ್ತದೆ, ಜೊತೆಗೆ ಡ್ಯಾಂಪಿಂಗ್ (ಆ ತೂಗಾಟ ತಗ್ಗಿಸುವ ಗುಣ) ಕೂಡ ಏರುತ್ತದೆ. ಬಯಾಸ್ 13ಕ್ಕೆ ಇಳಿಸಿದರೆ ಅದು 1.6ರ ಆಸುಪಾಸು ಬರುತ್ತದೆ. ನಿಮ್ಮ 2.6 ಅದರ ಎರಡು ಪಟ್ಟಿಗಿಂತ ಸ್ವಲ್ಪ ಕೆಳಗೆ ಬೀಳುತ್ತದೆ, ಪೀರಿಯಡ್ ಡಬ್ಲಿಂಗ್‌ಗೆ ಒಳ್ಳೆಯ ಜಾಗ. 11ಕ್ಕೆ ಇಳಿಸಬೇಡಿ, ಅಲ್ಲಿ ಸ್ಪಾಂಟೇನಿಯಸ್ ಎಮಿಶನ್ನೇ (ತಾನಾಗಿ ಅಡ್ಡಾದಿಡ್ಡಿ ಹೊರಬೀಳುವ ಬೆಳಕು) ಎಲ್ಲವನ್ನೂ ಅದುಮಿಬಿಡುತ್ತದೆ.

ಪವರ್ −10 ಡಿಬಿಎಂನಿಂದ ಒಂದೊಂದೇ ಡಿಬಿ ಏರಿಸಿ, +5ಕ್ಕೆ ನಿಲ್ಲಿಸಿ. 50 ಓಮ್ ಲೋಡ್ ಆದರೆ ಅಲ್ಲಿಗೆ ಪೀಕ್ ಕರೆಂಟ್ ಸುಮಾರು 11 ಮಿಲಿಆಂಪ್. +10 ಕೊಟ್ಟರೆ 20 ಆಗುತ್ತದೆ, 13ರ ಬಯಾಸ್ ಮೀರಿ ಲೇಸರ್ ರಿವರ್ಸ್ ಬಯಾಸ್‌ಗೆ (ಉಲ್ಟಾ ದಿಕ್ಕಿಗೆ) ಹೋಗುತ್ತದೆ. ಏರಿಸಿದಂತೆಯೇ ಇಳಿಸಿಯೂ ನೋಡಿ. ಗೆರೆ ಮೂಡಿದ ಪವರ್ ಒಂದು, ಮಾಯವಾಗುವ ಪವರ್ ಇನ್ನೊಂದಾದರೆ ಅದು ಹಿಸ್ಟರೆಸಿಸ್, ಬರೆದಿಟ್ಟುಕೊಳ್ಳಿ. ತಾಪಮಾನ 25 ಡಿಗ್ರಿಯಲ್ಲೇ ಇರಲಿ. ನಮ್ಮ ಕಡೆ ಮಳೆಗಾಲದಲ್ಲಿ 15ಕ್ಕೆ ತಂಪು ಮಾಡಿದರೆ ಮೌಂಟ್ ಮೇಲೆ ನೀರು ಕೂರುತ್ತದೆ.

ಸ್ಪೆಕ್ಟ್ರಮ್‌ನ ತಳ ಎದ್ದಿತೆಂದು ಕೇಯಾಸ್ ಅನ್ನಬೇಡಿ, ನಾಯ್ಸ್‌ನಿಂದಲೂ ಏಳುತ್ತದೆ. ವೇಗದ ಸ್ಕೋಪ್‌ನಲ್ಲಿ ಟೈಮ್ ಸೀರೀಸ್ ಹಿಡಿದು, ಪ್ರತಿ ಶಿಖರದ ಎತ್ತರವನ್ನು ಅದರ ಮುಂದಿನದರ ಎದುರು ಗುರುತಿಸಿ. ಚುಕ್ಕಿಗಳು ಬಾಗಿದ ಗೆರೆಯ ಮೇಲೆ ಕೂತರೆ ಕೇಯಾಸ್, ಉಂಡೆಯಾಗಿ ಹರಡಿದರೆ ಬಹುತೇಕ ನಾಯ್ಸ್. ಆ ಚಿತ್ರ ಇಲ್ಲಿ ಹಾಕಿ.