ವೈಟ್ ರಿಮ್ ಸುತ್ತು ಸೈಕಲ್‌ನಲ್ಲಿ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು:
ಅಕ್ಟೋಬರ್ ಮೊದಲ ವಾರದಲ್ಲಿ ನಾವು ನಾಲ್ವರು ಗೆಳೆಯರು ಅಮೆರಿಕದ ಯೂಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದೇವೆ. ವೈಟ್ ರಿಮ್ ರಸ್ತೆಯ ಪೂರ್ತಿ ಸುತ್ತು, ಸುಮಾರು 160 ಕಿ.ಮೀ., ಮೂರು ಹಗಲು ಎರಡು ರಾತ್ರಿಯಲ್ಲಿ ಮುಗಿಸುವ ಆಸೆ. ರಾತ್ರಿ ತಂಗುವ ಪರ್ಮಿಟ್ ಸಿಕ್ಕಿದೆ. ನನ್ನ ಭಾವ ಜೀಪಿನಲ್ಲಿ ಸಾಮಾನು ಹೊತ್ತು ಹಿಂದೆ ಬರುತ್ತಾರೆ. ಡಾಂಬರು ರಸ್ತೆಯಲ್ಲಿ ದಿನಕ್ಕೆ 80 ಕಿ.ಮೀ. ಹೊಡೆದು ಅಭ್ಯಾಸವಿದೆ, ಆದರೆ ಕಲ್ಲು ಮರಳಿನ ದಾರಿ ಹೊಸದು. ಯಾವ ಕಡೆಯಿಂದ ಶುರು ಮಾಡಬೇಕು? ನೀರು ಎಷ್ಟು ಬೇಕು? ಯಾವ ಟೈರು?

ಮೊದಲ ಉತ್ತರ:
ಎರಡು ಸಲ ಸುತ್ತಿದ್ದೇನೆ, ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಅಕ್ಟೋಬರ್‌ನಲ್ಲಿ. ನೀವು ಮೂರು ಪ್ರಶ್ನೆ ಕೇಳಿದ್ದೀರಿ. ನಾನು ಎರಡನೆಯದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ದಾರಿಯಲ್ಲಿ ಉಳಿದದ್ದೆಲ್ಲ ನೀರಿನ ಮೇಲೆ ನಿಂತಿದೆ.

ಇಡೀ ಸುತ್ತಿನಲ್ಲಿ ಕುಡಿಯುವ ನೀರಿನ ಒಂದು ನಲ್ಲಿಯೂ ಇಲ್ಲ. ಕ್ಯಾಂಪುಗಳಲ್ಲಿ ಶೌಚಾಲಯ ಇದೆ, ನೀರಿಲ್ಲ. ತಲೆಗೆ ದಿನಕ್ಕೆ 4 ಲೀಟರ್ ಅನ್ನೋದು ಎಲ್ಲರೂ ಹೇಳುವ ಕನಿಷ್ಠ ಲೆಕ್ಕ. ಬಿಸಿಲಲ್ಲಿ ಪೆಡಲ್ ತುಳಿಯುವವರಿಗೆ ಅದು ಸಾಲದು. ನಾವು ತಲೆಗೆ 7 ಲೀಟರ್ ಹಿಡಿದೆವು, ಅಡುಗೆಗೆ ಬೇರೆ. ನಿಮ್ಮ ಭಾವ ಸೇರಿ ಐದು ಜನ ಮೂರು ದಿನಕ್ಕೆ ಅಂದರೆ 105 ಲೀಟರ್. ಅದರ ಮೇಲೆ ಇನ್ನೊಂದು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ. ಜಾಸ್ತಿ ಅನ್ನಿಸಬಹುದು. ಗಾಳಿ ಎಷ್ಟು ಒಣ ಅಂದರೆ ಬೆವರು ಮೈಮೇಲೆ ಕಾಣುವ ಮೊದಲೇ ಆರಿ ಹೋಗುತ್ತದೆ. ಅದಕ್ಕೇ ಎಷ್ಟು ನೀರು ಕಳೆದುಕೊಂಡಿದ್ದೇವೆ ಅಂತ ಗೊತ್ತೇ ಆಗೋದಿಲ್ಲ. ಕೆಳಗೆ ಕೊಲರಾಡೊ ನದಿ, ಗ್ರೀನ್ ನದಿ ಕಾಣುತ್ತವಲ್ಲ ಅಂತ ಧೈರ್ಯ ಮಾಡಬೇಡಿ. ಹೆಚ್ಚಿನ ಕಡೆ ನದಿ ನೂರಾರು ಅಡಿ ಆಳದಲ್ಲಿದೆ, ಇಳಿಯಲು ದಾರಿಯೇ ಇಲ್ಲ. ಇಳಿದರೂ ಕೆಸರು ನೀರು. ರಾತ್ರಿಯೆಲ್ಲ ತಳ ಕೂರಲು ಬಿಡದೆ ಫಿಲ್ಟರಿಗೆ ಹಾಕಿದರೆ ಫಿಲ್ಟರೇ ಕಟ್ಟಿಕೊಳ್ಳುತ್ತದೆ.

ಇನ್ನು ದಿಕ್ಕು. ಪ್ರದಕ್ಷಿಣೆಯಾಗಿ ಹೋಗಿ, ಅಂದರೆ ಮೇಲಿನಿಂದ ಶೇಫರ್ ಟ್ರೇಲ್ ಅನ್ನುವ ಕಡಿದಾದ ಮಣ್ಣುರಸ್ತೆ ಇಳಿದು, ಕೊನೆಗೆ ಇನ್ನೊಂದು ತುದಿಯ ಮಿನರಲ್ ಬಾಟಮ್ ರಸ್ತೆ ಏರಿ. ಶೇಫರ್‌ನ ಹಿಮ್ಮುರಿ ತಿರುವುಗಳನ್ನು ಬೆಳಿಗ್ಗೆ ಬೇಗ ಇಳಿಯಿರಿ. ಅಲ್ಲಿ ಏರುವ ಗಾಡಿಗೆ ದಾರಿ ಬಿಡಬೇಕು. ಹೊರಡುವ ಮೊದಲೇ ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ. ಕೆಳಗಿಳಿದ ಮೇಲೆ ರಸ್ತೆ ಬಿಳಿ ಮರಳುಗಲ್ಲಿನ ಚಾವಣಿಯ ಮೇಲೇ ಸಾಗುತ್ತದೆ. ಆ ಗಟ್ಟಿ ಪದರದ ಕೆಳಗಿನ ಕೆಂಪು ಕಲ್ಲು ಮೆತ್ತಗಿನದು, ಅದು ಸವೆದು ಹೋಗಿ ಮೇಲಿನ ಬಿಳಿ ಅಂಚು ಸೂರಿನ ಹಾಗೆ ಉಳಿದಿದೆ. ವೈಟ್ ರಿಮ್ ಅನ್ನುವ ಹೆಸರು ಅದರಿಂದಲೇ ಬಂದದ್ದು. ಸೈಕಲ್ಲಿನವರಿಗೆ ಇದರಿಂದ ಒಂದು ಲಾಭ: ಬಹುಪಾಲು ದಾರಿ ಬಂಡೆಯಂತೆ ಗಟ್ಟಿ, ತೀರಾ ಏರುಪೇರಿಲ್ಲ. ಮಸಲ್‌ಮನ್ ಕಮಾನಿನ ಹತ್ತಿರ ನಿಂತು ಕೆಳಗೆ ನೋಡಿದರೆ ಇದೆಲ್ಲ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಕಮಾನಿನ ಮೇಲೆ ನಡೆಯುವಂತಿಲ್ಲ, ನೆನಪಿರಲಿ.

ಕಷ್ಟದ ಏರು ಮೂರು. ಮರ್ಫಿ ಹಾಗ್‌ಬ್ಯಾಕ್, ಹಾರ್ಡ್‌ಸ್ಕ್ರ್ಯಾಬಲ್, ಕೊನೆಗೆ ಮಿನರಲ್ ಬಾಟಮ್. ಮರ್ಫಿಯ ಕಡಿದಾದ ಜಾಗದಲ್ಲಿ ನಾನು ಎರಡೂ ಸಲ ಸೈಕಲ್ ತಳ್ಳಿಕೊಂಡೇ ಹೋದೆ. ಅಲ್ಲಿ ಕಾಲು ಉಳಿಸಿಕೊಂಡರೆ ಮೂರನೇ ದಿನ ಉಪಯೋಗಕ್ಕೆ ಬರುತ್ತದೆ.

ಟೈರು 2.3 ಇಂಚಿಗೆ ಕಡಿಮೆ ಬೇಡ. ಟ್ಯೂಬ್‌ಲೆಸ್ ಮಾಡಿಸಿ, ಸೀಲಂಟ್ (ಚಿಕ್ಕ ತೂತನ್ನು ತಾನೇ ಮುಚ್ಚುವ ದ್ರವ) ಹೊಸದಾಗಿ ತುಂಬಿಸಿ. ನೆಗ್ಗಿಲು ಮುಳ್ಳು ಆ ಸೀಮೆಯಲ್ಲೂ ಇದೆ. ಮರಳು ಸಿಕ್ಕಾಗ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ. ಹಗುರ ಗೇರಿನಲ್ಲಿ, ಮೈಭಾರ ಹಿಂದಕ್ಕೆ ಹಾಕಿ, ಒಂದೇ ಸಮ ತುಳಿಯಿರಿ. ಡಾಂಬರಿನವರು ಅಲ್ಲಿ ಮುಂದಿನ ಚಕ್ರ ಅಲ್ಲಾಡಿದ ಕೂಡಲೇ ಬ್ರೇಕ್ ಹಿಡಿಯುತ್ತಾರೆ, ಬೀಳುತ್ತಾರೆ.

ಒಂದು ಮಾತು ಬೇಡಿಕೊಂಡೇ ಹೇಳುತ್ತೇನೆ. ದಾರಿ ಪಕ್ಕದಲ್ಲಿ ಕಪ್ಪಗೆ ಉಬ್ಬುಬ್ಬಾದ ಮಣ್ಣು ಕಾಣುತ್ತದೆ. ಅದು ಸುಮ್ನೆ ಮಣ್ಣಲ್ಲ, ಜೀವ ಇರುವ ಪದರ. ಮಣ್ಣು ಗಾಳಿಗೆ ಹಾರಿ ಹೋಗದಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆಗೆ ಪುಡಿಯಾಗುತ್ತದೆ, ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಫೋಟೋಗಾಗಿಯೂ ರಸ್ತೆ ಬಿಟ್ಟು ಅದರ ಮೇಲೆ ಕಾಲಿಡಬೇಡಿ.

ಎರಡನೇ ಉತ್ತರ:
ಮೇಲಿನವರು ನೀರಿನ ಬಗ್ಗೆ ಹೇಳಿದ್ದನ್ನು ನಾನು ಅನುಭವಿಸಿದ್ದೇನೆ. ನಾನು ಮತ್ತು ನನ್ನ ಗೆಳತಿ ಒಂದೇ ದಿನದಲ್ಲಿ ಸುತ್ತಿದೆವು, ಗಾಡಿ ಇಲ್ಲದೆ. ಹಗಲಲ್ಲೇ ಮುಗಿಸುವವರಿಗೂ ಪರ್ಮಿಟ್ ಬೇಕು, ದಿನಕ್ಕೆ 50 ಸೈಕಲ್ಲಿಗೆ ಮಾತ್ರ ಕೊಡುತ್ತಾರೆ. ಮಿನರಲ್ ಬಾಟಮ್ ರಸ್ತೆಯ ಮೇಲ್ತುದಿಯಲ್ಲಿ ಕಾರು ಬಿಟ್ಟು, ಕತ್ತಲಲ್ಲೇ ಡಾಂಬರು ರಸ್ತೆ ಮುಗಿಸಿ, ಸೂರ್ಯ ಹುಟ್ಟುವ ಹೊತ್ತಿಗೆ ಶೇಫರ್ ಇಳಿದೆವು. ಮರ್ಫಿಯವರೆಗೆ ಹಬ್ಬ. ಮರ್ಫಿ ದಾಟಿದ ಮೇಲೆ ಎದುರುಗಾಳಿ. ನನ್ನ ಹತ್ತಿರ 7 ಲೀಟರ್ ಇತ್ತು. ಪೊಟ್ಯಾಟೊ ಬಾಟಮ್ ಕ್ಯಾಂಪ್ ತಲುಪುವಾಗ ಅರ್ಧ ಬಾಟಲಿ ಉಳಿದಿತ್ತು. ತೊಡೆ ಹಿಡಿದುಕೊಂಡು ನಿಲ್ಲಲೂ ಆಗಲಿಲ್ಲ. ಕ್ಯಾಂಪಿನಲ್ಲಿದ್ದ ಒಂದು ಕುಟುಂಬ 2 ಲೀಟರ್ ನೀರು, ಒಂದು ಹಿಡಿ ಉಪ್ಪು ಹಾಕಿದ ಕಡಲೆಕಾಯಿ ಕೊಟ್ಟಿತು. ಅವರು ಅಲ್ಲಿ ಇರದಿದ್ದರೆ ಏನಾಗುತ್ತಿತ್ತೋ ಯೋಚಿಸಲು ಈಗಲೂ ಇಷ್ಟವಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ.

ನೀರಿನ ಜೊತೆ ಉಪ್ಪೂ ಬೇಕು. ಬಾಯಾರಿಕೆ ಕಾಯಬೇಡಿ. ನಾನು ಈಗ ಪ್ರತಿ 20 ನಿಮಿಷಕ್ಕೆ ವಾಚಿನಲ್ಲಿ ಅಲಾರಂ ಇಟ್ಟು ಕುಡಿಯುತ್ತೇನೆ. ಜೀಪ್ ಇದೆ ಅಂತ ಖಾಲಿ ಕೈಯಲ್ಲಿ ಓಡಿಸಬೇಡಿ. ಪ್ರತಿಯೊಬ್ಬರ ಬೆನ್ನಲ್ಲೂ 3 ಲೀಟರ್ ಇರಲಿ.

ಮೂರನೇ ಉತ್ತರ:
ನಾನು ಸೈಕಲ್ ಹೊಡೆದವನಲ್ಲ, ಗಾಡಿ ಓಡಿಸಿದವನು. ಇದು ನಿಮ್ಮ ಭಾವನಿಗೆ.

ಸಾರ್, ನೆಲದಿಂದ ಎತ್ತರ ಇರುವ, ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಗೇರ್) ಇರುವ ಫೋರ್ ವೀಲ್ ಗಾಡಿಯೇ ಬೇಕು. ಆಲ್ ವೀಲ್ ಡ್ರೈವ್ ಕಾರು ಸಾಲದು, ಅದು ಅಲ್ಲಿನ ನಿಯಮವೂ ಹೌದು. ಒಳಗೆ ಗಾಡಿ ಕೆಟ್ಟರೆ ಎಳೆಸುವ ಖರ್ಚು 1,000 ಡಾಲರ್ ದಾಟುವುದು ಸಾಮಾನ್ಯ. ನೀರನ್ನು ಒಂದೇ ದೊಡ್ಡ ಡ್ರಮ್ಮಿನಲ್ಲಿ ತುಂಬಬೇಡಿ. ನಮ್ಮದು ಹಾರ್ಡ್‌ಸ್ಕ್ರ್ಯಾಬಲ್ ಏರಿನಲ್ಲಿ ಉರುಳಿ ಮುಚ್ಚಳ ಬಿಚ್ಚಿತು, 20 ಲೀಟರ್ ಹಾಸಿಗೆಗೆ ಹೋಯಿತು. ಚಿಕ್ಕ ಕ್ಯಾನುಗಳು, ಪ್ರತಿಯೊಂದಕ್ಕೂ ಹಗ್ಗ. ಮುಂದೆ ಹೋಗಿ ಕ್ಯಾಂಪಿನಲ್ಲಿ ಕಾಯಬೇಡಿ, ಕೊನೆಯ ಸೈಕಲ್ಲಿನ ಹಿಂದೆಯೇ ಇರಿ. ಒಂಟಿಯಾಗಿ ಹಿಂದೆ ಬಿದ್ದವರಿಗೇ ಸಹಾಯ ಬೇಕಾಗೋದು, ಅಲ್ವಾ? ಸೌದೆ ಬೆಂಕಿ ಹಾಕುವಂತಿಲ್ಲ, ಗ್ಯಾಸ್ ಒಲೆ ಒಯ್ಯಿರಿ. ನಾಯಿಯನ್ನು ಗಾಡಿಯೊಳಗೂ ಕರೆದೊಯ್ಯುವಂತಿಲ್ಲ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. 140 ಲೀಟರ್ ಲೆಕ್ಕ ಹಾಕಿದ್ದೇವೆ, ಎಲ್ಲ ಚಿಕ್ಕ ಕ್ಯಾನುಗಳಲ್ಲಿ. ಒಂದು ಅನುಮಾನ ಉಳಿದಿದೆ. ಮಧ್ಯದಲ್ಲಿ ಮಳೆ ಬಂದರೆ?

ಮೊದಲ ಉತ್ತರ ಕೊಟ್ಟವರು:
ಒಳ್ಳೆಯ ಪ್ರಶ್ನೆ, ನಾನೇ ಹೇಳಬೇಕಿತ್ತು. ಈ ರಸ್ತೆಯನ್ನು 1950ರ ದಶಕದಲ್ಲಿ ಯುರೇನಿಯಂ ಹುಡುಕುವವರಿಗಾಗಿ ಮಾಡಿದ್ದು. ಕೆಲವು ಕಡೆ ಬರೀ ಜೇಡಿಮಣ್ಣು. ಒದ್ದೆಯಾದರೆ ಟೈರಿಗೆ ಮೆತ್ತಿಕೊಂಡು ಚಕ್ರ ಫ್ರೇಮಿಗೆ ಕಚ್ಚಿ ನಿಲ್ಲುತ್ತದೆ, ಜೀಪೂ ಜಾರುತ್ತದೆ. 2010ರಲ್ಲಿ ಮಳೆಗೆ ಮಿನರಲ್ ಬಾಟಮ್‌ನ ತಿರುವುಗಳೇ ಕೊಚ್ಚಿಹೋಗಿದ್ದವು. ಮೊದಲ ದಿನವೇ ಮೋಡ ಕಟ್ಟಿದರೆ ಶೇಫರ್ ಕೆಳಗಿನಿಂದ ಪೊಟ್ಯಾಶ್ ರಸ್ತೆ ಹಿಡಿದು ಮೋಆಬ್ ಊರಿನ ಕಡೆ ಹೊರಬರಬಹುದು. ಅದನ್ನು ದಾಟಿ ಹೋಗಿದ್ದರೆ ಹಳ್ಳದ ಪಾತ್ರದಿಂದ ದೂರ, ಎತ್ತರದ ಬಂಡೆ ನೆಲದಲ್ಲಿ ನಿಂತು ಕಾಯಿರಿ. ಮಳೆ ನಿಮ್ಮ ತಲೆಯ ಮೇಲೇ ಬೀಳಬೇಕು ಅಂತಿಲ್ಲ, ದೂರದಲ್ಲಿ ಸುರಿದರೂ ಒಣ ಹಳ್ಳ ತುಂಬಿ ಬರುತ್ತದೆ. ಬಿಸಿಲು ಬಂದರೆ ಜೇಡಿ ಒಣಗುತ್ತದೆ, ಕೆಲವೊಮ್ಮೆ ಅರ್ಧ ದಿನ, ಕೆಲವೊಮ್ಮೆ ಪೂರ್ತಿ ದಿನ. ಆ ಇನ್ನೊಂದು ದಿನದ ನೀರು ಹೇಳಿದ್ದು ಇದಕ್ಕೇ. ಹೊರಡುವ ಬೆಳಿಗ್ಗೆ ವಿಸಿಟರ್ ಸೆಂಟರಿನಲ್ಲಿ ರೇಂಜರ್ ಹತ್ತಿರ ರಸ್ತೆ ಹೇಗಿದೆ ಅಂತ ಕೇಳಿ, ಕ್ಯಾನುಗಳನ್ನೂ ಅಲ್ಲೇ ತುಂಬಿಸಿಕೊಳ್ಳಿ.