ಸಹಾಯ ಬೇಕು: ಡಕ್ಟ್ ಎ.ಸಿ. ಹಾಕಿಸುತ್ತಿದ್ದೇವೆ, ರಿಟರ್ನ್ ಗಾಳಿಗೆ ದಾರಿ ಯಾವುದು?

ನಮಸ್ಕಾರ. ಮೂರು ಮಲಗುವ ಕೋಣೆಗಳಿರುವ ಒಂದಂತಸ್ತಿನ ಮನೆಗೆ ಡಕ್ಟ್ ಎ.ಸಿ. (ಒಂದೇ ಯಂತ್ರದಿಂದ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ತಂಪು ಗಾಳಿ) ಹಾಕಿಸಲಿದ್ದೇವೆ. ಗುತ್ತಿಗೆದಾರರು ಬರೀ ಚದರ ಅಡಿ ನೋಡಿ 4 ಟನ್ ಎಂದುಬಿಟ್ಟರು. ಪಶ್ಚಿಮದ ಕಿಟಕಿಗಳ ಬಗ್ಗೆಯಾಗಲಿ, ಚಾವಣಿಗೆ ಬೀಳುವ ಬಿಸಿಲಿನ ಬಗ್ಗೆಯಾಗಲಿ ಒಂದು ಮಾತೂ ಕೇಳಲಿಲ್ಲ. ಅಗತ್ಯಕ್ಕಿಂತ ದೊಡ್ಡ ಯಂತ್ರ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವಾಂಶ ಹಾಗೆಯೇ ಉಳಿಯುತ್ತದೆ. ಹಾಗಾಗಿ ನನಗೆ 3 ಟನ್ ಇನ್ವರ್ಟರ್ ಮಾದರಿಯತ್ತ ಒಲವು.

ನಿಜವಾದ ತಲೆನೋವು ರಿಟರ್ನ್ ಡಕ್ಟಿನದು, ಅಂದರೆ ಕೋಣೆಗಳ ಗಾಳಿಯನ್ನು ಯಂತ್ರಕ್ಕೆ ಮರಳಿ ಒಯ್ಯುವ ಕೊಳವೆಯದು. ಹಜಾರದಲ್ಲಿ ಒಂದೇ ಗ್ರಿಲ್ ಸಾಕಂತೆ! ಟನ್ನಿಗೆ ಸುಮಾರು 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಎಂದು ಹಿಡಿದರೂ 3 ಟನ್ನಿಗೆ 1,200 ಸಿಎಫ್‌ಎಂ ಗಾಳಿ ಯಂತ್ರಕ್ಕೆ ಮರಳಬೇಕು. ರಾತ್ರಿ ಬಾಗಿಲುಗಳನ್ನು ಮುಚ್ಚಿದ ಮೇಲೆ ಅದು ಬಾಗಿಲ ಕೆಳಗಿನ ಸಂದಿಯಲ್ಲಿ ನುಸುಳಿ ಬರಬೇಕೇ? ಕೋಣೆಯೊಳಗೆ ಒತ್ತಡ ಏರಿದರೆ ತಂಪು ಗಾಳಿ ಒಳಬರುವುದೂ ಕಡಿಮೆಯಾಗುತ್ತದೆ. ಅತ್ತ ಹಜಾರ ಹೊರಗಿನ ಬಿಸಿ ಗಾಳಿಯನ್ನು ಸಂದುಗೊಂದುಗಳಿಂದ ಎಳೆದುಕೊಳ್ಳುತ್ತದೆ.

ಪ್ರತಿ ಕೋಣೆಗೂ ರಿಟರ್ನ್ ಡಕ್ಟ್ ಎಳೆಯಲು ಫಾಲ್ಸ್ ಸೀಲಿಂಗಿನಲ್ಲಿ ಜಾಗವಿಲ್ಲ. ಬಾಗಿಲ ಮೇಲಿನ ಗೋಡೆಯಲ್ಲಿ ಟ್ರಾನ್ಸ್‌ಫರ್ ಗ್ರಿಲ್ (ಕೋಣೆಯ ಗಾಳಿ ಹಜಾರಕ್ಕೆ ದಾಟಲು ಬಿಡುವ ಜಾಲರಿ) ಇಡಿಸಿದವರು ಇದ್ದೀರಾ? ಒಳಗಿನ ಮಾತು ಹಜಾರಕ್ಕೆ ಕೇಳಿಸುತ್ತದೆಯೇ? ಹಾಗೆಯೇ, ಫಿಲ್ಟರನ್ನು ಗ್ರಿಲ್ಲಿನಲ್ಲೇ ಇಡಿಸುವುದೋ, ಯಂತ್ರದ ಬಳಿಯೋ? ತೊಳೆಯುವ ಕೆಲಸ ನನ್ನದೇ ಆದ್ದರಿಂದ ಏಣಿ ಹತ್ತದೆ ಕೈಗೆಟುಕುವ ಜಾಗವಿದ್ದರೆ ದಯವಿಟ್ಟು ಸೂಚಿಸಿ.