ಪದ ಬೇಕು: ಹವಾಮಾನದ ಬೋರ್ಡಿಗೆ ‘ವ್ಯಾಲಿ’, ‘ಸ್ಪ್ರಿಂಗ್’, ‘ಐಸೋಲೇಟೆಡ್’

ಕುಮಟಾ ಕಡೆಯಿಂದ:

ನಮಸ್ಕಾರ. ಸ್ವಲ್ಪ ಅರ್ಜೆಂಟು. ದೇವಿಮನೆ ಘಟ್ಟದ ಬುಡದಲ್ಲಿ ನಮ್ಮದೊಂದು ಹೋಮ್‌ಸ್ಟೇ. ಚಾರಣಕ್ಕೆ ಬರುವವರಿಗಾಗಿ ಗೇಟಿನ ಹತ್ತಿರ ಹವಾಮಾನದ ಬೋರ್ಡು ಹಾಕುತ್ತಿದ್ದೇನೆ. ತಗಡಿನ ಪಟ್ಟಿಗಳ ಮೇಲೆ ವಾಕ್ಯ ಬರೆಸಿಟ್ಟು, ಆಯಾ ದಿನದ್ದನ್ನು ಬೆಳಿಗ್ಗೆ ಕೊಕ್ಕೆಗೆ ನೇತುಹಾಕುವುದು. ಪೇಂಟರ್ ನಾಳೆ ಬೆಳಿಗ್ಗೆಯೇ ಬರುತ್ತಾನೆ. ಇಂಗ್ಲಿಷಿನಿಂದ ನಾನು ಮಾಡಿಕೊಂಡದ್ದು ಹೀಗಿದೆ: ‘ವಸಂತ ಋತುವಿನ ಹವಾಮಾನ ಮುನ್ಸೂಚನೆ. ಪರ್ವತಗಳಲ್ಲಿ ಪ್ರತ್ಯೇಕವಾದ ಗುಡುಗು ಮಳೆ. ಕಣಿವೆಗಳಲ್ಲಿ ತೇಪೆ ತೇಪೆಯಾದ ಮಂಜು. ಕರಾವಳಿಯಲ್ಲಿ ಆರ್ದ್ರ ಉಷ್ಣ.’ ಓದಿ ಹೆಂಡತಿ ನಕ್ಕಳು. ಎಲ್ಲಿ ತಪ್ಪಿದೆ ಹೇಳಿ.

ಬೆಂಗಳೂರಿನಿಂದ:

ಎಲ್ಲ ಕಡೆ ತಪ್ಪಿದೆ. ‘ಪರ್ವತ’ ಯಾಕೆ, ಬೆಟ್ಟ ಇಲ್ಲವೇ? ‘ಹವಾಮಾನ’ದಲ್ಲಿ ಹವಾ ಅರಬ್ಬಿ, ಮಾನ ಸಂಸ್ಕೃತ. ‘ಮುನ್ಸೂಚನೆ’ ಕನ್ನಡ, ಸಂಸ್ಕೃತ ಬೆರೆಸಿದ ಅರಿಸಮಾಸ. ಎರಡು ಪದದಲ್ಲಿ ಮೂರು ಭಾಷೆ. ‘ಮುನ್ನೋಟ’ ಸಾಕು. ನಿಮ್ಮ ‘ಕಣಿವೆ’ ಮಾತ್ರ ಅಪ್ಪಟ ಕನ್ನಡ, ಮಳೆ, ಗುಡುಗು, ಮಂಜಿನ ಹಾಗೆ. ಅದನ್ನು ಉಳಿಸಿಕೊಳ್ಳಿ.

ಶಿರಸಿಯಿಂದ:

‘ಮುನ್ನೋಟ’ ಅಂತ ಬರೆದರೆ ಜನ ಬಜೆಟ್ ಸುದ್ದಿ ಅಂದುಕೊಳ್ಳುತ್ತಾರೆ. ಹವಾಮಾನ ಇರಲಿ ಬಿಡಿ, ಸುಮ್ನೆ ಯಾಕೆ ಅದರ ಜಾತಿ ಕೇಳುವುದು.

ತೆಗೆಯಬೇಕಾದದ್ದು ಕಣಿವೆಯನ್ನೇ. ಕಣಿವೆ ಅಂದರೆ ಎರಡು ಗುಡ್ಡಗಳ ನಡುವಿನ ಸಂದು. ಹಿರಿಯೂರಿನ ಹತ್ತಿರದ ಮಾರಿಕಣಿವೆ ನೋಡಿ. ವೇದಾವತಿ ಆ ಸಂದಿನಲ್ಲಿ ನುಸುಳುತ್ತಿತ್ತು, ಅಲ್ಲಿಗೇ ಅಣೆಕಟ್ಟು ಕಟ್ಟಿದರು. ಜನ ಮನೆ, ತೋಟ ಮಾಡಿಕೊಂಡ ತಗ್ಗಿಗೆ ನಮ್ಮಲ್ಲಿ ಯಾರೂ ಕಣಿವೆ ಅನ್ನುವುದಿಲ್ಲ. ‘ಕೊಳ್ಳ’ ಬರೆದರೆ ಕೃಷ್ಣಾ ಕೊಳ್ಳ, ನೀರಿನ ಜಗಳ ನೆನಪಾಗುತ್ತದೆ. ಉತ್ತರ ಕನ್ನಡದಲ್ಲಿ ಇರುವುದು ಎರಡೇ ದಿಕ್ಕು: ಘಟ್ಟದ ಮೇಲೆ, ಘಟ್ಟದ ಕೆಳಗೆ. ಅದನ್ನೇ ಬರೆಸಿ.

ಸುಮ್ನೆ ಪದದ ಚಪಲಕ್ಕೆ ಹೇಳುತ್ತಿಲ್ಲ. ಹವಾಮಾನ ಇಲಾಖೆ ಮಳೆಯ ಲೆಕ್ಕಕ್ಕೆ ರಾಜ್ಯವನ್ನು ಮೂರು ಭಾಗ ಮಾಡಿದೆ: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ನಮ್ಮ ಇಡೀ ಜಿಲ್ಲೆ ಕರಾವಳಿಯಲ್ಲಿದೆ. ಸಮುದ್ರ ಕಾಣದ ಶಿರಸಿಯೂ ಕರಾವಳಿ, ಮುಂಡಗೋಡವೂ ಕರಾವಳಿ! ಮಾರ್ಚ್, ಏಪ್ರಿಲ್‌ನಲ್ಲಿ ಸಮುದ್ರದ ಗಾಳಿ ತೇವ ಹೊತ್ತು ಬಂದು ಘಟ್ಟ ಹತ್ತುತ್ತದೆ, ಮೇಲೆ ತಣಿದು ಮೋಡವಾಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ನಮಗೆ ಗುಡುಗು. ಅದೇ ಹೊತ್ತಿಗೆ ಕುಮಟಾದಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತೀರಿ. ‘ಕರಾವಳಿಯಲ್ಲಿ ಮಳೆ’ ಅಂದರೆ ಯಾರಿಗೆ ಹೇಳಿದ ಹಾಗಾಯಿತು?

ಇನ್ನು ‘ಐಸೋಲೇಟೆಡ್’ಗೆ ನೀವು ಹಾಕಿದ ‘ಪ್ರತ್ಯೇಕವಾದ ಮಳೆ’. ಇದರ ಅಣ್ಣ, ‘ಸ್ಕ್ಯಾಟರ್ಡ್’ ಅನ್ನುವುದರ ಅನುವಾದ ‘ಚದುರಿದ ಮಳೆ’ಯಿಂದ ನಾನು ಪೆಟ್ಟು ತಿಂದವನು. ಎರಡು ವರ್ಷದ ಹಿಂದೆ, ಮಾರ್ಚ್ ಕೊನೆ. ಅಂಗಳದಲ್ಲಿ ಚಾಲಿಗೆ ಅಡಿಕೆ ಹರವಿದ್ದೆ, ಒಣಗಲು ಇನ್ನೊಂದು ವಾರ ಬೇಕಿತ್ತು. ಮೊಬೈಲಿಗೆ ‘ಚದುರಿದ ಮಳೆ’ ಅಂತ ಬಂತು. ನಾಲ್ಕು ಹನಿ ಅಂದುಕೊಂಡೆ. ತಾಡಪಾಲು ಮಡಚಿದ್ದು ಮಡಚಿದ ಹಾಗೇ ಜಗಲಿಯಲ್ಲಿಟ್ಟು ಮದುವೆ ಊಟಕ್ಕೆ ಹೋದೆ. ಬಂದು ನೋಡಿದರೆ ಅಡಿಕೆಯೆಲ್ಲ ನೀರಿನ ಜೊತೆ ಹರಿದು ತುಳಸಿಕಟ್ಟೆಯ ಬುಡದಲ್ಲಿ ಗುಡ್ಡೆಯಾಗಿತ್ತು. ಆಮೇಲೆ ಸುಲಿದಾಗ ಕಾಲುಭಾಗ ಕಪ್ಪು.

ಇಲಾಖೆಯ ಮಾತಿನಲ್ಲಿ ಐಸೋಲೇಟೆಡ್ ಅಂದರೆ ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ. ಸ್ಕ್ಯಾಟರ್ಡ್ ಅಂದರೆ ಶೇ 26ರಿಂದ 50. ಎಷ್ಟು ಕಡೆ ಅನ್ನುವ ಲೆಕ್ಕ ಅದು. ಎಷ್ಟು ಜೋರು ಅನ್ನುವುದಕ್ಕೆ ಬೇರೆ ಲೆಕ್ಕ ಇದೆ, 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ‘ಭಾರೀ’. ‘ಒಂದೆರಡು ಕಡೆ’, ‘ಕೆಲವು ಕಡೆ’ ಅಂತ ಬರೆದಿದ್ದರೆ ನಾನು ಅಡಿಕೆ ಮುಚ್ಚಿ ಹೋಗುತ್ತಿದ್ದೆ.

ಬೆಂಗಳೂರಿನಿಂದ:

‘ಘಟ್ಟ’ ಸಂಸ್ಕೃತ. ಕಣಿವೆ ತೆಗೆದು ಅದನ್ನು ತರುತ್ತೀರಾ? ಭಲೇ.

ಕಾರವಾರದಿಂದ:

ಸಂಸ್ಕೃತವೋ ಏನೋ, ಘಟ್ಟ ಹತ್ತಿಳಿದು ಕಾಲು ಸವೆದಿದೆ ಮಾರಾಯ್ರೆ. ನಮ್ಮ ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಲೆಕ್ಕಪತ್ರದಲ್ಲಿ ಇನ್ನೊಂದು. ಎರವಲು ಪದ ವಾಪಸ್ ಕೊಡಿ ಅಂದರೆ ಊಟಕ್ಕೂ ಬಾಯಿ ತೆರೆಯುವ ಹಾಗಿಲ್ಲ.

‘ವಸಂತ’ ಮಾತ್ರ ತೆಗೆಯಿರಿ. ಚೈತ್ರ, ವೈಶಾಖ ಪಂಚಾಂಗದಲ್ಲಿ ವಸಂತವೇ, ಆದರೆ ಇಲ್ಲಿ ಅದು ಬೇಸಿಗೆ. ಇಂಗ್ಲಿಷಿನವರ ಸ್ಪ್ರಿಂಗ್ ಹಿಮ ಕರಗುವ ಕಾಲ. ನಮ್ಮಲ್ಲಿ ಕರಗುವುದು ನಾವು. ಮಳೆಗಾಲ ಅಲ್ಲದಾಗ ಬೀಳುವ ಮಳೆಗೆ ಅಡ್ಡಮಳೆ ಅನ್ನುವ ಒಳ್ಳೆ ಪದ ಇದೆ, ಬಳಸಿ. ಸಾಣಿಕಟ್ಟಾದ ಉಪ್ಪಿನ ಆಗರದವರನ್ನು ಕೇಳಿ, ಒಂದು ಅಡ್ಡಮಳೆ ಬಿದ್ದರೆ ಗದ್ದೆಯಲ್ಲಿ ಕಟ್ಟಿದ ಉಪ್ಪು ಕರಗಿ ಮತ್ತೆ ಮೊದಲಿಂದ ಶುರು. ‘ಆರ್ದ್ರ ಉಷ್ಣ’ ಅಂದರೇನು? ಸೆಖೆ ಅಂತ ಬರೆಯಿರಿ.

ಬೆಂಗಳೂರಿನಿಂದ:

ಸೆಕೆ. ಕನ್ನಡ ಪದಕ್ಕೆ ಮಹಾಪ್ರಾಣ ಹಚ್ಚಬೇಡಿ.

ಕಾರವಾರದಿಂದ:

ನಾವು ಬೆವರುವಾಗ ಪ್ರಾಣ ಅಲ್ಪವೋ ಮಹಾವೋ ನೋಡುವುದಿಲ್ಲ.

ಶಿರಸಿಯಿಂದ:

ಒಂದು ಮರೆತೆ. ‘ತೇಪೆ ತೇಪೆ ಮಂಜು’ಗೇ ನಿಮ್ಮ ಮನೆಯವರು ನಕ್ಕಿರಬೇಕು. ತೇಪೆ ಹಾಕುವುದು ಹರಿದ ಲುಂಗಿಗೆ. ‘ಅಲ್ಲಲ್ಲಿ ಮಂಜು’ ಸಾಕು. ಇಬ್ಬನಿ ಅಂತಲೂ ಬರೆಸಬೇಡಿ, ಅದು ಎಲೆಯ ಮೇಲೆ ಕೂರುವುದು. ದಾರಿ ಕಾಣದ ಹಾಗೆ ಮಾಡುವುದು ಮಂಜು.

ಕುಮಟಾ ಕಡೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ಪೇಂಟರ್ ಬಂದಾಯಿತು. ಬರೆದದ್ದು ಇಷ್ಟು: ‘ಬೇಸಿಗೆ ಹವಾಮಾನ. ಘಟ್ಟದ ಮೇಲೆ ಮಧ್ಯಾಹ್ನದ ನಂತರ ಒಂದೆರಡು ಕಡೆ ಗುಡುಗು ಸಹಿತ ಅಡ್ಡಮಳೆ. ಬೆಳಗಿನ ಹೊತ್ತು ತಗ್ಗಿನಲ್ಲಿ ಅಲ್ಲಲ್ಲಿ ಮಂಜು.’ ಕೊನೆಯ ಪಟ್ಟಿ ಬಾಕಿ ಇದೆ. ‘ಘಟ್ಟದ ಕೆಳಗೆ ಸೆ’ ಅಂತ ಬರೆದು ಬ್ರಷ್ ಎತ್ತಿಕೊಂಡು ನಿಂತಿದ್ದಾನೆ. ಕ ನೋ ಖ ನೋ, ಬೇಗ ಹೇಳಿ.

ಬೆಂಗಳೂರಿನಿಂದ:

ಕ.

ಕಾರವಾರದಿಂದ:

ಖ.